ಜಗಲಿಯ ಮೇಲಿನ ಬೀಜಗಣಿತ

ಸೂರ್ಯಪ್ರಕಾಶ್ ಮೇಷ್ಟ್ರ ಗಣಿತದ ತರಗತಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಕೆಮ್ಮು ಬಂದ ಹುಡುಗರು ಅದನ್ನು ಗಂಟಲಲ್ಲೇ ಅದುಮಿಟ್ಟುಕೊಂಡು, ಗಂಟೆ ಹೊಡೆದ ಮೇಲೆ ಆಚೆ ಓಡಿ ಕೆಮ್ಮಿ ಬರುತ್ತಿದ್ದರು. ಪಕ್ಕದ ಕೋಣೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ ಗಂಗಾಧರಯ್ಯನವರ ಕ್ಲಾಸು ಸಂತೆಯ ಹಾಗೆ ಗಲಗಲ ಎನ್ನುತ್ತಿದ್ದರೆ, ಇವರ ಕೋಣೆಯಿಂದ ಸೀಮೆಸುಣ್ಣ ಬೋರ್ಡಿನ ಮೇಲೆ ಓಡಾಡುವ ಸದ್ದೊಂದೇ ಕೇಳಿಸುತ್ತಿತ್ತು. ಆ ನಿಶ್ಶಬ್ದದ ಬಗ್ಗೆ ಮೇಷ್ಟ್ರಿಗೆ ಬಹಳ ಹೆಮ್ಮೆ. ಮಕ್ಕಳು ಮಾತಾಡುತ್ತಿಲ್ಲ ಎಂದರೆ ಕಲಿಯುತ್ತಿದ್ದಾರೆ ಎಂದೇ ಅವರ ನಂಬಿಕೆ.

ನಿವೃತ್ತರಾಗಿ ನೊಣವಿನಕೆರೆಯ ಮನೆಯಲ್ಲಿ ಕೂತ ಮೇಲೆ ಅವರಿಗೆ ಪಾಠ ಹೇಳಲು ಯಾರೂ ಸಿಗಲಿಲ್ಲ. ಊರಿನ ಮಕ್ಕಳೆಲ್ಲ ಟ್ಯೂಷನ್ನಿಗೆ ಬಸ್ಸು ಹತ್ತಿ ತಿಪಟೂರಿಗೆ ಹೋಗುತ್ತಿದ್ದರು. ಮೇಷ್ಟ್ರು ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹಾಕಿ, ಬಿದ್ದ ಕಾಯಿ ಆಯ್ದು, ಒಣಗಿದ ಗರಿ ಎಳೆದು ಬದಿಗೆ ಹಾಕಿ ಬಂದರೆ ಆಮೇಲೆ ದಿನವೆಲ್ಲ ಖಾಲಿ. ಹೊತ್ತು ಹೋಗದೆ ಅಡುಗೆಮನೆಗೆ ನುಗ್ಗಿ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸುವುದು, ಸಾರಿಗೆ ಬೇಳೆ ಎಷ್ಟು ಹಾಕಿದೆ ಎಂದು ವಿಚಾರಣೆ ಮಾಡುವುದು ಶುರುವಾಯಿತು. ಅವರ ಹೆಂಡತಿ ಪುಷ್ಪಲತಾ ತಡೆಯುವಷ್ಟು ತಡೆದರು. ಒಂದು ಸಂಜೆ ಡೈರಿಯಿಂದ ಹಾಲು ತರುವಾಗ ಜೊತೆಗೆ ಒಬ್ಬ ಹೆಂಗಸನ್ನೂ ಕರೆದುಕೊಂಡು ಬಂದರು.

"ತಗೊಳ್ಳಿ, ನಿಮಗೊಬ್ಬ ಶಿಷ್ಯೆ. ಇನ್ನು ಮೇಲೆ ನನ್ನ ಬೇಳೆ ಡಬ್ಬದ ತಂಟೆಗೆ ಬರಬೇಡಿ."

ಹಾಗೆ ಬಂದವಳು ಶಾಂತಕುಮಾರಿ. ನಲವತ್ತರ ಹತ್ತಿರದ ವಯಸ್ಸು. ಗಂಡ ರಂಗರಾಜು ತಿಪಟೂರಿನ ಮಂಡಿಗಳಿಗೆ ಕೊಬ್ಬರಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಮಗಳು ನಯನ ಒಂಬತ್ತನೇ ಕ್ಲಾಸು. ಶಾಂತಕುಮಾರಿ ಒಂದು ಸೀಮೆಹಸು ಕಟ್ಟಿಕೊಂಡು, ಊರಿನ ಹೆಂಗಸರ ಡೈರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೂ ಹೋಗುತ್ತಿದ್ದಳು. ಡೈರಿಯ ಕಾರ್ಯದರ್ಶಿ ಮುಂದಿನ ವರ್ಷ ಕೆಲಸ ಬಿಡುವವರಿದ್ದರು. ಆ ಜಾಗಕ್ಕೆ ಶಾಂತಕುಮಾರಿಯೇ ಆಗಲಿ ಎಂದು ಎಲ್ಲರ ಬಾಯಲ್ಲೂ ಇತ್ತು. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅವಳು ಹುಡುಗಿಯಾಗಿದ್ದಾಗ ಗಣಿತ ಒಂದರಲ್ಲಿ ಡುಮ್ಕಿ ಹೊಡೆದಿದ್ದಳು.

"ಅದೊಂದೇ ಕಣ್ ಮೇಷ್ಟ್ರೇ," ಎಂದಳು ಶಾಂತಕುಮಾರಿ, ಇನ್ನೂ ಜಗಲಿ ಹತ್ತುವ ಮೊದಲೇ. "ಮಿಕ್ಕಿದ್ದೆಲ್ಲಾ ಆಗೈತೆ. ಕನ್ನಡ ಆಗೈತೆ, ಇಂಗ್ಲಿಷು ಹೆಂಗೋ ದಾಟ್ಕೊಂಡೆ, ಹಿಂದಿ ಅಂತೂ ಆ ದೇವ್ರೇ ಕೈ ಹಿಡ್ದು ಬರ್ಸಿದ. ಇದ್ರಲ್ಲಿ ಮಾತ್ರ ಏನಾಯ್ತು ಅಂದ್ರೆ, ಪರೀಕ್ಷೆ ಹಿಂದಿನ ದಿನ ನಮ್ ಚಿಕ್ಕಪ್ಪನ ಮನೇಲಿ ನಾಮಕರಣ…"

ಮೇಷ್ಟ್ರು ಕೈ ಎತ್ತಿದರು. ಆ ಕೈ ಎತ್ತಿದ ರೀತಿಗೆ ಎಷ್ಟೋ ತರಗತಿಗಳು ತಣ್ಣಗಾಗಿದ್ದವು. ಶಾಂತಕುಮಾರಿಯೂ ನಿಂತಳು.

"ನೋಡಮ್ಮ, ನನ್ನ ಪಾಠಕ್ಕೆ ಒಂದೇ ನಿಯಮ. ನಾನು ಹೇಳೋದು, ನೀನು ಕೇಳೋದು. ಮಧ್ಯೆ ಬಾಯಿ ಹಾಕೋ ಹಾಗಿಲ್ಲ. ಒಪ್ಪಿಗೇನಾ?"

"ಆಯ್ತು ಮೇಷ್ಟ್ರೇ."

ಸುಲಿಯಲು ಕಾದಿದ್ದ ಕಾಯಿಯ ರಾಶಿಯನ್ನು ಒತ್ತರಿಸಿ, ಜಗಲಿಯ ಗೋಡೆಗೆ ಒಂದು ಕರಿಹಲಗೆ ಒರಗಿಸಿಕೊಂಡು ಮಾರನೆಯ ಸಂಜೆಯಿಂದಲೇ ಪಾಠ ಶುರುವಾಯಿತು. ಮೇಷ್ಟ್ರು ಬುಡದಿಂದಲೇ ಹಿಡಿದರು. ಎರಡು ಎಕ್ಸ್ ಕೂಡಿಸು ಮೂರು ಸಮ ಹದಿಮೂರು ಎಂದು ಬರೆದು, ಮೂರನ್ನು ಆಚೆಗೆ ಕಳಿಸಿ, ಎರಡರಿಂದ ಭಾಗಿಸಿ, ಎಕ್ಸ್ ಸಮ ಐದು ಎಂದು ಅಡಿಗೆರೆ ಎಳೆದರು. ಅಷ್ಟರಲ್ಲಿ ಶಾಂತಕುಮಾರಿ ನಾಲ್ಕು ಸಲ ಬಾಯಿ ತೆರೆದಿದ್ದಳು. ನಾಲ್ಕು ಸಲವೂ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಮೂರನೆಯ ದಿನದ ಹೊತ್ತಿಗೆ ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂರುವುದನ್ನು ಅಭ್ಯಾಸ ಮಾಡಿಕೊಂಡಳು.

ಪುಷ್ಪಲತಾ ಕಾಫಿ ತಂದವರು ಇದನ್ನು ನೋಡಿ ಬಾಗಿಲಲ್ಲೇ ನಿಂತರು. ಒಳಗೆ ಬಂದಾಗ ಗಂಡನಿಗೆ ಹೇಳಿದರು, "ಶಾಂತ ಬಾಯಿ ಮುಚ್ಕೊಂಡು ಕೂತಿದ್ದನ್ನ ಈ ಊರಲ್ಲಿ ಯಾರೂ ನೋಡಿಲ್ಲ ಕಣ್ರೀ. ಪಾಪ, ಮೈ ಹುಷಾರಿಲ್ಲದೋರ ಥರ ಕಾಣ್ತಾಳೆ."

"ಶಿಸ್ತು ಅಂದ್ರೆ ಹಾಗೇ ಕಾಣೋದು," ಎಂದರು ಮೇಷ್ಟ್ರು.

ಚಳಿಗಾಲ ಪೂರ್ತಿ ಪಾಠ ಸಾಗಿತು. ಮೇಷ್ಟ್ರು ಇಷ್ಟು ಚೆನ್ನಾಗಿ ಎಂದೂ ಪಾಠ ಮಾಡಿರಲಿಲ್ಲ. ಬೋರ್ಡು ತುಂಬ ಮುತ್ತಿನಂಥ ಅಕ್ಷರ. ಪ್ರತಿ ಲೆಕ್ಕದ ಕೊನೆಗೂ ತಿರುಗಿ, "ಅರ್ಥವಾಯ್ತಾ?" ಎನ್ನುವರು. "ಆಯ್ತು ಮೇಷ್ಟ್ರೇ," ಎನ್ನುವಳು ಶಾಂತಕುಮಾರಿ, ಸೆರಗು ತೆಗೆದು. ಆಮೇಲೆ ಇನ್ನೊಂದು ಲೆಕ್ಕ. ಮಾರ್ಚಿನಲ್ಲಿ ಅವಳು ತಿಪಟೂರಿಗೆ ಹೋಗಿ ಪರೀಕ್ಷೆ ಬರೆದು ಬಂದಳು. ಫಲಿತಾಂಶ ಬಂದಾಗ ಗಣಿತಕ್ಕೆ ಬಿದ್ದದ್ದು ಹನ್ನೊಂದು.

ಮೇಷ್ಟ್ರಿಗೆ ಅದು ತಮಗೇ ಬಿದ್ದ ಅಂಕದ ಹಾಗೆ ಚುಚ್ಚಿತು. ಎರಡು ದಿನ ತೋಟದ ಕಡೆಗೂ ಹೋಗಲಿಲ್ಲ. ಶಾಂತಕುಮಾರಿಯ ಸುಳಿವೇ ಇಲ್ಲ. ಡೈರಿಯ ಮುಂದೆ ಹಾದುಹೋಗುವಾಗ ಅವಳು ಹಾಲಿನ ಕ್ಯಾನಿನ ಒಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ತಲೆ ಬಗ್ಗಿಸಿಬಿಡುತ್ತಿದ್ದಳು.

"ಹೋಗಿ ಮಾತಾಡಿಸ್ಕೊಂಡು ಬನ್ನಿ," ಎಂದರು ಪುಷ್ಪಲತಾ. "ನಿಮ್ಮ ಮುಖ ನೋಡಕ್ಕೆ ನಾಚಿಕೆ ಪಟ್ಕೊಂಡಿದಾಳೆ."

ಹೊರಡುವಾಗ ಮೇಷ್ಟ್ರು ಮನಸ್ಸಿನಲ್ಲೇ ಒಂದು ಮಾತು ಜೋಡಿಸಿಕೊಂಡಿದ್ದರು. ಗಣಿತ ಎಲ್ಲರಿಗೂ ಒಲಿಯುವುದಿಲ್ಲ, ನಿನ್ನ ಪ್ರಯತ್ನ ನೀನು ಮಾಡಿದೆ, ಇಷ್ಟಕ್ಕೇ ಬಿಟ್ಟುಬಿಡೋಣ ಎಂದು ಮೃದುವಾಗಿ ಹೇಳಿ ಬರುವುದು. ಅವಳ ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ಕೂತು ರಜೆಯ ಹೋಂವರ್ಕ್ ಮಾಡುತ್ತಿದ್ದ ನಯನ ಎದ್ದು ನಿಂತು, "ಅಮ್ಮ ಹಿತ್ತಲಲ್ಲಿ ಹಾಲು ಕರೀತಾವ್ಳೆ ಸಾರ್," ಎಂದಳು.

ಮೇಷ್ಟ್ರು ಮನೆಯ ಪಕ್ಕದ ಸಂದಿಯಲ್ಲಿ ನಡೆದು ಕೊಟ್ಟಿಗೆಯ ಗೋಡೆಯ ಹತ್ತಿರ ಬಂದಾಗ ಒಳಗಿನಿಂದ ಅವರದೇ ದನಿ ಕೇಳಿಸಿತು.

"ನೋಡಮ್ಮ ಗೌರಿ. ಮಧ್ಯೆ ಬಾಯಿ ಹಾಕೋ ಹಾಗಿಲ್ಲ."

ಮೇಷ್ಟ್ರು ಗಕ್ಕನೆ ನಿಂತರು. ಅದೇ ಗಾಂಭೀರ್ಯ, ಅದೇ ಎಳೆತ, ಕೊನೆಗೆ ಮೂಗಿನಿಂದ ಬರುವ ಅದೇ ಸಣ್ಣ ಗಾಳಿ. ಹಾಲಿನ ನೊರೆಯ ಚುಂಯ್ ಚುಂಯ್ ಸದ್ದಿನ ನಡುವೆ ಪಾಠ ಮುಂದುವರಿಯಿತು.

"ಎರಡು ಎಕ್ಸ್ ಕೂಡಿಸು ಒಂದು ಸಮ ಏಳು. ಎಕ್ಸಿನ ಬೆಲೆ ಎಷ್ಟು? ಹೇಳಮ್ಮ."

ಈಗ ದನಿ ಬದಲಾಯಿತು. ಇದು ಶಾಂತಕುಮಾರಿಯದೇ. "ಐದು ಮೇಷ್ಟ್ರೇ. ಎಕ್ಸು ಐದಲ್ವಾ, ಮೊದಲ್ನೇ ದಿನಾನೇ ಹೇಳಿದ್ರಲ್ಲ. ಎರಡೈದ್ಲಿ ಹತ್ತು, ಒಂದು ಸೇರುಸ್ದ್ರೆ ಹನ್ನೊಂದು. ಇದ್ಯಾಕೆ ಏಳು ಅಂತ ಬರ್ದವ್ರೆ? ಏನೋಪ್ಪ, ಅದು ಮೇಷ್ಟ್ರಿಗೆ ಬಿಟ್ಟಿದ್ದು. ದೊಡ್ಡೋರು, ಏನೋ ಕಾರಣ ಇರ್ತೈತೆ. ಅಲ್ವೇನೇ ಗೌರಿ?"

ಮೇಷ್ಟ್ರಿಗೆ ತಾವು ಹೇಳಬೇಕೆಂದು ಜೋಡಿಸಿಕೊಂಡ ಮೃದುವಾದ ಮಾತೆಲ್ಲ ಮರೆತುಹೋಯಿತು. ಸೀದಾ ಕೊಟ್ಟಿಗೆಗೆ ನುಗ್ಗಿದರು.

"ಎಕ್ಸು ಯಾವಾಗ್ಲೂ ಐದು ಅಂತ ಯಾರು ಹೇಳಿದ್ದು ನಿನಗೆ?"

ಗೌರಿ ಬೆಚ್ಚಿ ಕಾಲು ಝಾಡಿಸಿತು. ಬಕೆಟ್ಟು ಉರುಳಿತು. ಶಾಂತಕುಮಾರಿ ಎದ್ದವಳು ಸೆರಗು ಹುಡುಕಿಕೊಂಡಳು, ಸಿಗಲಿಲ್ಲ, ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡಳು.

"ಕೈ ತೆಗಿ!" ಎಂದರು ಮೇಷ್ಟ್ರು. "ಯಾರು ಹೇಳಿದ್ದು ಅಂತ ಕೇಳಿದೆ."

"ನೀವೇ ಮೇಷ್ಟ್ರೇ! ಮೊದಲ್ನೇ ದಿನ. ಅಡಿಗೆರೆ ಬೇರೆ ಎಳ್ದ್ರಿ."

"ಅದು ಆ ಲೆಕ್ಕಕ್ಕೆ ಮಾತ್ರ ಕಣಮ್ಮ! ಮಾರನೇ ದಿನ ಎಕ್ಸ್ ಎಂಟು ಬಂತಲ್ಲ, ಆಗ ಏನನ್ನಿಸ್ತು ನಿನಗೆ?"

"ನಿಮಗೆ ಎಲ್ಲೋ ಕೈತಪ್ಪಾಗೈತೆ ಅನ್ಕೊಂಡೆ. ಹೇಳಿದ್ರೆ ಬೇಜಾರಾಯ್ತೀರ ಅಂತ ಸುಮ್ಕಿದ್ದೆ."

"ಕೇಳಬಾರದಾಗಿತ್ತಾ?"

"ಮಾತಾಡಂಗಿಲ್ಲ ಅಂದಿದ್ರಲ್ಲ!"

"ಪ್ರತಿ ಲೆಕ್ಕಕ್ಕೂ ಅರ್ಥವಾಯ್ತಾ ಅಂತ ನಾನೇ ಕೇಳ್ತಿದ್ನಲ್ಲಮ್ಮ. ಆಯ್ತು ಆಯ್ತು ಅಂತಿದ್ದೆ."

ಶಾಂತಕುಮಾರಿ ಅವರ ಮುಖವನ್ನೇ ನೋಡಿದಳು, ಇಷ್ಟು ಓದಿದವರಿಗೆ ಇದೂ ತಿಳಿಯದೇ ಎನ್ನುವಂತೆ. "ಅಲ್ಲ ಮೇಷ್ಟ್ರೇ, ಯಾರಾದ್ರೂ ಊಟ ಆಯ್ತಾ ಅಂದ್ರೆ ನಾವೇನಂತೀವಿ? ಹಸ್ಕೊಂಡಿದ್ರೂ ಆಯ್ತು ಅಂತೀವಿ. ಅದು ಮರ್ಯಾದೆ. ಇದೂ ಹಂಗೇ ಅಲ್ವಾ?"

ಮೇಷ್ಟ್ರು ಕೊಟ್ಟಿಗೆಯ ಒರಳುಕಲ್ಲಿನ ಮೇಲೆ ಕೂತುಬಿಟ್ಟರು. ಚೆಲ್ಲಿದ ಹಾಲು ಅವರ ಚಪ್ಪಲಿಯ ಕೆಳಗೆ ಹರಿಯುತ್ತಿತ್ತು. ಚಳಿಗಾಲ ಪೂರ್ತಿ ಇವಳು ಹಸಿದುಕೊಂಡೇ ಊಟ ಆಯ್ತು ಎಂದಿದ್ದಾಳೆ. ಬೋರ್ಡು ತುಂಬ ಬರೆದೆನಲ್ಲ ಎಂದು ತಾವು ಕೈ ತೊಳೆದುಕೊಂಡು ಎದ್ದಿದ್ದೇವೆ. ಈ ಹಸುವಿಗೆ ಅವಳು ಎರಡು ನಿಮಿಷ ಹೇಳಿದ್ದರಲ್ಲಿ ತಮಗೆ ಗೊತ್ತಾದಷ್ಟು ಅವಳ ತಲೆಯೊಳಗಿನ ಸಂಗತಿ ಇಷ್ಟು ತಿಂಗಳಲ್ಲಿ ಗೊತ್ತಾಗಿರಲಿಲ್ಲ. ಹೀಗೆಲ್ಲ ಯೋಚಿಸುತ್ತಾ ಕೂತವರಿಗೆ, ಏಕೋ, ಅವಳು ಮಾಡಿದ ತಮ್ಮ ದನಿಯ ಅನುಕರಣೆ ನೆನಪಾಯಿತು. ನಗು ತಡೆಯಲಾಗಲಿಲ್ಲ. ಮೇಷ್ಟ್ರು ನಕ್ಕದ್ದನ್ನು ಕಂಡು ಶಾಂತಕುಮಾರಿಗೂ ಧೈರ್ಯ ಬಂತು; ಅವಳೂ ನಕ್ಕಳು.

"ಈಗ ಹೇಳು," ಎಂದರು ಮೇಷ್ಟ್ರು. "ಎರಡು ಎಕ್ಸ್ ಕೂಡಿಸು ಒಂದು ಸಮ ಏಳು. ಎಕ್ಸ್ ಅನ್ನೋದು ಯಾರೋ ನಮಗೆ ಗೊತ್ತಿಲ್ಲ. ಮುಸುಕು ಹಾಕ್ಕೊಂಡು ಕೂತಿದೆ. ಎರಡರಷ್ಟು ಮಾಡಿ ಒಂದು ಸೇರಿಸಿದ್ರೆ ಏಳಾಗುತ್ತಂತೆ. ಒಳಗೆ ಯಾರಿರಬಹುದು?"

"ಒಂದು ತೆಗುದ್ರೆ ಆರು. ಅದ್ರಲ್ಲಿ ಅರ್ಧ… ಮೂರು. ಮೂರಾ?"

"ನನ್ನನ್ನ ಯಾಕೆ ಕೇಳ್ತೀಯ? ಮುಸುಕೊಳಗೆ ಮೂರನ್ನ ಇಟ್ಟು ನೋಡು."

"ಮೂರೆರಡ್ಲಿ ಆರು, ಒಂದು ಏಳು. ಅಯ್ಯೋ, ಮೂರೇ ಕಣ್ ಮೇಷ್ಟ್ರೇ! ಹಂಗಾದ್ರೆ ಪ್ರತಿ ಲೆಕ್ಕದಲ್ಲೂ ಮುಸುಕೊಳಗೆ ಬೇರೆಬೇರೆಯೋರು ಇರ್ತಾರಾ?"

"ಇರ್ತಾರೆ."

"ಇದನ್ನ ಮೊದಲೇ ಹೇಳ್ಬಾರ್ದಾಗಿತ್ತಾ? ಎಲ್ಲಾ ಕಡೆ ಐದು ಐದು ಅಂತ ಬರ್ದು ಬಂದ್ನಲ್ಲ ಪರೀಕ್ಷೇಲಿ!"

ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ. ಎರಡನೆಯದು ತೀರ ಹತ್ತಿರ ಬಂದಿತ್ತು. ಮಳೆಗಾಲದ ಶುರುವಿನಲ್ಲಿ ಬರುವ ಮೂರನೆಯದನ್ನು ಬರೆಯುವುದೆಂದು ಅಲ್ಲೇ, ಗೌರಿಯ ಎದುರಿನಲ್ಲೇ ತೀರ್ಮಾನವಾಯಿತು.

ಹೊಸ ನಿಯಮವನ್ನು ಮೇಷ್ಟ್ರೇ ಮಾಡಿದರು. ಶಾಂತಕುಮಾರಿ ಏನೇ ಬರೆದರೂ ಬರೆಯುತ್ತಲೇ ಬಾಯಲ್ಲೂ ಹೇಳಬೇಕು. ಏಕೆ ಹಾಗೆ ಮಾಡಿದೆ ಎಂಬುದನ್ನೂ ಹೇಳಬೇಕು. ತಾವು ಕೇಳುವುದಷ್ಟೇ. ನಿಯಮ ಮಾಡಿದ್ದು ಸುಲಭ, ಪಾಲಿಸುವುದು ಅವರಿಗೇ ಕಷ್ಟವಾಯಿತು. ಅವಳು ಒಂದು ಹೆಜ್ಜೆ ತಡವರಿಸಿದರೆ ಸಾಕು, ಮೇಷ್ಟ್ರ ಕೈ ತಾನಾಗಿ ಸೀಮೆಸುಣ್ಣಕ್ಕೆ ಹೋಗುತ್ತಿತ್ತು. ಕಣ್ಣು ಮುಚ್ಚಿ ಬಿಡುವುದರೊಳಗೆ ಅರ್ಧ ಬೋರ್ಡು ತುಂಬಿರುತ್ತಿತ್ತು. ಆಗ ಒಳಗಿನಿಂದ ಪುಷ್ಪಲತಾ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. "ಏನೂಂದ್ರೆ, ಶಾಂತ ಏನೋ ಹೇಳಕ್ಕೆ ಹೊರಟಿದ್ಲು." ಮೇಷ್ಟ್ರು ಸೀಮೆಸುಣ್ಣವನ್ನು ಕೆಂಡ ಹಿಡಿದವರ ಹಾಗೆ ಕೆಳಗಿಡುತ್ತಿದ್ದರು.

ಶಾಂತಕುಮಾರಿಯದು ಬೇರೆ ತೊಂದರೆ. ಬಾಯಿ ಬಿಡಲು ಅಪ್ಪಣೆ ಸಿಕ್ಕಿದ್ದೇ ತಡ, ಅವಳ ಮಾತು ಲೆಕ್ಕದ ಬೇಲಿ ಹಾರಿ ಊರೆಲ್ಲ ಸುತ್ತುತ್ತಿತ್ತು. ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು, ಐದು ವರ್ಷದ ಹಿಂದೆ ನಾಲ್ಕರಷ್ಟಿತ್ತು ಎಂಬ ಲೆಕ್ಕ ಕೊಟ್ಟರೆ, ಆ ತಂದೆ ಯಾವ ಊರಿನವನು, ಒಬ್ಬನೇ ಮಗನಾ ಎಂದು ವಿಚಾರಿಸುವಳು. ಮೇಷ್ಟ್ರು ತಾಳ್ಮೆಯಿಂದ ಅವಳನ್ನು ಹಿಡಿದು ವಾಪಸು ತರುತ್ತಿದ್ದರು. ಹೊರೆ ಇಳಿಸಲೆಂದು ಒಮ್ಮೆ, "ಎಕ್ಸ್ ಬದಲು ತೆಂಗಿನಕಾಯಿ ಅಂದ್ಕೋ," ಎಂದು ನೋಡಿದರು.

"ಬ್ಯಾಡಿ ಮೇಷ್ಟ್ರೇ. ಕಾಯಿ ಅಂದ್ರೆ ಸುಲಿಯೋದು, ಒಡೆಯೋದು, ನಮ್ಮತ್ತೆ ಬಯ್ಯೋದು, ಎಲ್ಲಾ ಜ್ಞಾಪಕ ಬತ್ತೈತೆ. ಎಕ್ಸೇ ಇರ್ಲಿ. ಅದಾದ್ರೆ ಯಾರ ಮನೇದೂ ಅಲ್ಲ."

ಆ ತಂದೆಮಗನ ಲೆಕ್ಕವನ್ನು ಅವಳು ಕೊನೆಗೂ ಬಿಡಿಸಿದಳು. "ಹಂಗಾಗಿ ತಂದೆಗೆ ಹದಿನೈದು, ಮಗನಿಗೆ ನಲವತ್ತೈದು," ಎಂದು ದೊಡ್ಡ ದನಿಯಲ್ಲಿ ಹೇಳಿ, ಹೇಳಿದ ಮಾತು ತನ್ನ ಕಿವಿಗೇ ಬಿದ್ದು, ತಡೆದು ನಿಂತಳು. "ಥೂ! ಮಗ ಅಪ್ಪನ್ನ ಎತ್ಕೊಂಡು ಆಡುಸ್ಬೇಕಾಯ್ತದೆ. ತಿರುಗಾಮುರುಗಾ ಆಗೈತೆ ತಡೀರಿ." ಅಳಿಸಿ ಸರಿ ಮಾಡಿದಳು. ಮೇಷ್ಟ್ರು ಒಂದು ಮಾತೂ ಆಡಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಬರೆದಿದ್ದರೆ ಈ ಹದಿನೈದು ವರ್ಷದ ತಂದೆ ಹಾಗೇ ಉತ್ತರಪತ್ರಿಕೆಯಲ್ಲಿ ಉಳಿದುಬಿಡುತ್ತಿದ್ದ ಎಂದು ಅವರಿಗೆ ಅನ್ನಿಸಿತು.

ಒಂದು ದಿನ ಅವಳು ಸೀಮೆಸುಣ್ಣ ಕೆಳಗಿಟ್ಟು, ಕಾಲು ಚಾಚಿ ಕೂತಳು. "ಮೇಷ್ಟ್ರೇ, ಒಂದು ಕೇಳ್ತೀನಿ. ಮೈನಸ್ಸಿಗೆ ಮೈನಸ್ಸು ಗುಣಿಸಿದ್ರೆ ಪ್ಲಸ್ಸು ಅಂತೀರ. ಯಾಕೆ? ಇಲ್ದೇ ಇರೋದು, ಇಲ್ದೇ ಇರೋದು ಸೇರ್ಕೊಂಡು ಇರೋದು ಹೆಂಗಾಯ್ತದೆ?"

"ಅದು ನಿಯಮ," ಎನ್ನಲು ಮೇಷ್ಟ್ರು ಬಾಯಿ ತೆರೆದರು. ಬಾಗಿಲಲ್ಲಿ ಪುಷ್ಪಲತಾ ನಿಂತಿದ್ದರು. ಬಾಯಿ ಮುಚ್ಚಿಕೊಂಡರು. ಅವರಿಗೆ ಗೊತ್ತಿಲ್ಲದ್ದೇನಲ್ಲ; ಪುಸ್ತಕದ ಭಾಷೆಯಲ್ಲಿ ಅದಕ್ಕೆ ರುಜುವಾತು ಇತ್ತು. ಆದರೆ ಇವಳಿಗೆ ಒಪ್ಪಿಗೆಯಾಗುವ ಹಾಗೆ ಹೇಳುವುದು ಹೇಗೆ? ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ನಾಳೆ ಹೇಳ್ತೀನಿ. ಯೋಚನೆ ಮಾಡಬೇಕು," ಎಂದರು. ಆ ಮಾತು ತಮ್ಮ ಬಾಯಿಂದ ಬಂದದ್ದಕ್ಕೆ ಅವರಿಗೇ ಆಶ್ಚರ್ಯ. ಶಾಂತಕುಮಾರಿಗೆ ಮಾತ್ರ ಅದು ಬಹಳ ಹಿಡಿಸಿತು. ಮೇಷ್ಟ್ರಂಥವರೂ ಯೋಚನೆ ಮಾಡುವಂಥದ್ದನ್ನು ತಾನು ಕೇಳಿದೆನಲ್ಲ ಎಂದು ಡೈರಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಮಾರನೆಯ ಸಂಜೆ ಮೇಷ್ಟ್ರು ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ. "ಮೈನಸ್ ಎರಡು. ಅದನ್ನ ಮೂರು ಸಲ ತಗೊಂಡ್ರೆ?"

"ಮೈನಸ್ ಆರು."

"ಬರಿ. ಎರಡು ಸಲ?"

"ಮೈನಸ್ ನಾಲ್ಕು."

"ಒಂದು ಸಲ? ಸೊನ್ನೆ ಸಲ?"

"ಮೈನಸ್ ಎರಡು. ಸೊನ್ನೆ ಅಂದ್ರೆ ಸೊನ್ನೇನೇ."

"ಈಗ ಮೇಲಿಂದ ಓದ್ಕೊಂಡು ಬಾ. ಏನಾಗ್ತಿದೆ ಹೇಳು."

ಶಾಂತಕುಮಾರಿ ಬೆರಳಿಟ್ಟುಕೊಂಡು ಓದಿದಳು. "ಮೈನಸ್ ಆರು, ಮೈನಸ್ ನಾಲ್ಕು, ಮೈನಸ್ ಎರಡು, ಸೊನ್ನೆ. ಎರಡೆರಡು ಮೇಲಕ್ಕೆ ಹತ್ತತಾ ಐತೆ."

"ಸೊನ್ನೆ ಆದ್ಮೇಲೆ ಮುಂದಿನ ಹೆಜ್ಜೆ, ಮೈನಸ್ ಒಂದು ಸಲ. ಅಲ್ಲಿ ಎಷ್ಟು ಬರಬೇಕು?"

ಅವಳು ಬೋರ್ಡನ್ನೂ ಮೇಷ್ಟ್ರನ್ನೂ ನೋಡಿದಳು. "ಮೇಲಕ್ಕೇ ಹೋಗ್ತಿದ್ರೆ ಎರಡು ಬರ್ಬೇಕು. ಬರೀ ಎರಡು. ಮೈನಸ್ಸಿಲ್ದೇ ಇರೋ ಎರಡು." ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡು ಕೂಗಿದಳು, "ಪ್ಲಸ್ಸಾಗೋಯ್ತಲ್ಲಾ! ಮೇಷ್ಟ್ರೇ, ಇದು ಅದರ ಪಾಡಿಗೆ ಅದೇ ಪ್ಲಸ್ಸಾಗೋಯ್ತು!"

"ಆಗಲೇಬೇಕು! ಇಲ್ಲದಿದ್ರೆ ಮೆಟ್ಟಿಲು ಮುರಿದುಬೀಳುತ್ತೆ!" ಮೇಷ್ಟ್ರೂ ಕೂಗಿದರು.

"ಹಂಗಾದ್ರೆ ಮೈನಸ್ ಎರಡು ಸಲ ಅಂದ್ರೆ ನಾಕು!"

"ನಾಲ್ಕು!"

ಬೀದಿಯಲ್ಲಿ ಹೋಗುತ್ತಿದ್ದ ಗಂಗಾಧರಯ್ಯನವರು ಗಾಬರಿಯಿಂದ ಗೇಟು ತೆಗೆದು ಒಳಗೆ ಬಂದರು. "ಏನ್ ಸೂರ್ಯಪ್ರಕಾಶ್, ಏನಿದು ಗಲಾಟೆ? ಜಗಳವಾ?"

"ಬೀಜಗಣಿತ," ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತಾ.

ಗಂಗಾಧರಯ್ಯನವರು ಜಗಲಿಯ ಅಂಚಿನಲ್ಲಿ ಕೂತು, ತಲೆ ಅಲ್ಲಾಡಿಸಿ ನಕ್ಕರು. "ನನ್ನ ಕ್ಲಾಸು ಸಂತೆ ಅಂತಿದ್ದೆಯಲ್ಲಪ್ಪ. ಈಗ ನಿನ್ನ ಸಂತೆ ನಮ್ಮನೇವರೆಗೂ ಕೇಳಿಸ್ತಿದೆ." ಮೇಷ್ಟ್ರು ಅವರಿಗೆ ಕಾಫಿ ತರಿಸಿದರು.

ಅಂದಿನಿಂದ ನಯನಳೂ ಅಮ್ಮನ ಜೊತೆ ಬರತೊಡಗಿದಳು. ಅಮ್ಮ ಒಂದು ಹೆಜ್ಜೆ ಹೇಳಿದರೆ ಮಗಳು, "ಅದ್ಯಾಕಮ್ಮ ಹಂಗೆ?" ಎನ್ನುವಳು. ಅಮ್ಮ ವಿವರಿಸುವಳು. ವಿವರಿಸುವಾಗ ಎಲ್ಲೋ ಒಂದು ಕಡೆ ತನಗೇ ಪೂರ್ತಿ ತಿಳಿದಿಲ್ಲ ಎಂದು ಗೊತ್ತಾಗಿ ಇಬ್ಬರೂ ಮೇಷ್ಟ್ರ ಕಡೆ ತಿರುಗುವರು. ಮೇಷ್ಟ್ರು ಮತ್ತೊಂದು ಪ್ರಶ್ನೆ ಕೇಳುವರು. ಕೆಲವು ಸಂಜೆ ಏನೂ ಹತ್ತುತ್ತಿರಲಿಲ್ಲ. ವೃತ್ತದ ಸ್ಪರ್ಶಕದ ಪ್ರಮೇಯ ಶಾಂತಕುಮಾರಿಗೆ ಕೊನೆಗೂ ಒಲಿಯಲಿಲ್ಲ. ಎಷ್ಟು ಮಾತಾಡಿದರೂ ಅದು ಅವಳ ಕೈಗೆ ಸಿಕ್ಕದೆ ಜಾರಿಕೊಂಡಿತು. "ಅದನ್ನ ಬುಡಿ ಮೇಷ್ಟ್ರೇ, ಅದು ನನ್ನ ಹಣೇಲಿ ಬರ್ದಿಲ್ಲ," ಎಂದಳು. ಮೇಷ್ಟ್ರೂ ಬಿಟ್ಟರು.

ಜುಲೈ ತಿಂಗಳ ಒಂದು ಬೆಳಿಗ್ಗೆ, ತುಂತುರು ಹನಿಯುತ್ತಿದ್ದಾಗ, ಮೇಷ್ಟ್ರು ಅವಳ ಜೊತೆ ತಿಪಟೂರಿಗೆ ಬಸ್ಸು ಹತ್ತಿದರು. ಕೊಬ್ಬರಿ ಮೂಟೆಗಳ ನಡುವೆ ಜಾಗ ಮಾಡಿಕೊಂಡು ಕೂತು ದಾರಿಯುದ್ದಕ್ಕೂ ಶಾಂತಕುಮಾರಿ ಸೂತ್ರಗಳನ್ನು ಹೇಳುತ್ತಾ ಬಂದಳು. ಪಕ್ಕದ ಸೀಟಿನ ಮುದುಕರೊಬ್ಬರು ಯಾವುದೋ ಮಂತ್ರವೆಂದು ಕೈ ಮುಗಿದರು. ಪರೀಕ್ಷೆಯ ಗೇಟಿನ ಹತ್ತಿರ ಅವಳಿಗೆ ಒಮ್ಮೆಲೇ ಭಯ ಹತ್ತಿತು.

"ಒಳಗಡೆ ಮಾತಾಡಂಗಿಲ್ವಲ್ಲ ಮೇಷ್ಟ್ರೇ. ಏನ್ ಮಾಡ್ಲಿ?"

ಇದೊಂದನ್ನು ಮೇಷ್ಟ್ರೂ ಯೋಚಿಸಿರಲಿಲ್ಲ. ಅವಳು ಒಳಗೆ ಹೋದ ಮೇಲೆ ಎದುರಿನ ಹೋಟೆಲಿನಲ್ಲಿ ಕೂತು, ಒಂದರ ಮೇಲೊಂದು ಟೀ ಕುಡಿಯುತ್ತಾ, ಕೊನೆಯ ಗಂಟೆಯವರೆಗೂ ಅದನ್ನೇ ಚಿಂತಿಸಿದರು. ಪರೀಕ್ಷೆ ಕೋಣೆಯ ಮೌನ ಅವರಿಗೆ ಎಂದೂ ಇಷ್ಟು ಉದ್ದ ಅನ್ನಿಸಿರಲಿಲ್ಲ.

ಶಾಂತಕುಮಾರಿ ಹೊರಗೆ ಬಂದವಳು ರಸ್ತೆಯ ಆಚೆಯಿಂದಲೇ ಶುರು ಮಾಡಿದಳು. "ಮೇಡಮ್ಮು ಎರಡು ಸಲ ಬಂದು ಬಯ್ದು ಹೋದ್ರು, ಗೊಣಗ್ಬೇಡಿ ಅಂತ. ಬಾಯಿ ಮುಚ್ಕೊಂಡೆ. ಆದ್ರೆ ಒಳಗಡೆ ನೀವು ಬುಡ್ಬೇಕಲ್ಲ! ಒಂದು ಲೆಕ್ಕ ಮುಗೀತು ಅನ್ಕೊಂಡ್ರೆ ತಲೇಲಿ ನಿಂತ್ಕೊಂಡು ಯಾಕೆ ಅಂತೀರ. ನಾನು ಹಿಂಗಿಂಗೆ ಅಂತೀನಿ. ಇಟ್ಟು ನೋಡು ಅಂತೀರ. ಮೂರು ಗಂಟೆ ನಿಮ್ಜೊತೆ ಜಗಳ ಆಡಿ ಆಡಿ ಸಾಕಾಗೋಯ್ತು. ಒಂದು ಟೀ ಹೇಳಿ."

ಮೇಷ್ಟ್ರು ಟೀ ಜೊತೆಗೆ ಎರಡು ವಡೆಯನ್ನೂ ಹೇಳಿದರು.

ಫಲಿತಾಂಶ ಬಂದ ದಿನ ನಯನ ಡೈರಿಯ ಮುಂದೆಯೇ ಮೊಬೈಲು ಹಿಡಿದು ನಿಂತಿದ್ದಳು. ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು. ಹಾಲು ಹಾಕಲು ಬಂದ ಹೆಂಗಸರೆಲ್ಲ ಕ್ಯಾನು ಕೆಳಗಿಟ್ಟು ಅವಳನ್ನು ಸುತ್ತುವರಿದಿದ್ದರು. ಕೊನೆಗೆ ಅವಳು ಕಿರುಚಿದ್ದು ಮೇಷ್ಟ್ರ ಮನೆಯ ಜಗಲಿಗೂ ಕೇಳಿಸಿತು. ನಲವತ್ತಾರು. ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಇಳಿದರು. ಎದುರಿನಿಂದ ಶಾಂತಕುಮಾರಿ ಓಡಿ ಬರುತ್ತಿದ್ದಳು. ಹತ್ತಿರ ಬಂದು ನಿಂತು ಮೇಷ್ಟ್ರ ಮುಖ ನೋಡಿದಳು. ಬಗ್ಗಿ ಅವರ ಕಾಲು ಮುಟ್ಟಿ, ಅಳುತ್ತಾ ನಗುತ್ತಾ, ಹಿಂದೆಯೇ ಬಂದಿದ್ದ ಪುಷ್ಪಲತಾ ಅವರನ್ನು ತಬ್ಬಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. ರಂಗರಾಜು ಆ ಸಂಜೆ ಟೆಂಪೋದಲ್ಲಿ ತಿಪಟೂರಿನಿಂದ ಮೈಸೂರುಪಾಕು ತಂದು ಮನೆಮನೆಗೆ ಹಂಚಿದ. ಮುಂದೆ ಅವಳು ಡೈರಿಯ ಕಾರ್ಯದರ್ಶಿಯೂ ಆದಳು. ಹಾಲಿನ ಲೆಕ್ಕದಲ್ಲಿ ಯಾರಿಗೆ ಸಂಶಯ ಬಂದರೂ ಕೂರಿಸಿಕೊಂಡು, ಅವರ ಬಾಯಿಂದಲೇ ಲೆಕ್ಕ ಹೇಳಿಸಿ ಕಳಿಸುತ್ತಾಳೆಂದು ಊರಲ್ಲಿ ಹೆಸರಾಯಿತು.

ಫಲಿತಾಂಶದ ಮಾರನೆಯ ಸಂಜೆ ಮೇಷ್ಟ್ರು ಜಗಲಿಗೆ ಬಂದಾಗ ಅಲ್ಲಿ ನಯನ, ಅವಳ ಇಬ್ಬರು ಗೆಳತಿಯರು ಪುಸ್ತಕ ಹಿಡಿದು ಕೂತಿದ್ದರು. ಅವರ ಪಕ್ಕದಲ್ಲಿ, ಕಂಬಕ್ಕೆ ಒರಗಿಕೊಂಡು, ಎದುರು ಮನೆಯ ಹುಚ್ಚಕ್ಕ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದಳು. ಅರವತ್ತು ದಾಟಿದವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

"ಏನ್ ಹುಚ್ಚಕ್ಕ, ನೀನೂ ಪರೀಕ್ಷೆಗೆ ಕಟ್ತೀಯಾ?" ಎಂದರು ಮೇಷ್ಟ್ರು.

"ಪರೀಕ್ಷೆ ಗಿರೀಕ್ಷೆ ಯಾರಿಗ್ ಬೇಕು ಬುಡಪ್ಪ," ಎಂದಳು ಹುಚ್ಚಕ್ಕ. "ದಿನಾ ಸಂಜೆ ನೀನೂ ಶಾಂತನೂ ಅಷ್ಟೊಂದು ಕಿತ್ತಾಡ್ತಿದ್ರಲ್ಲ, ಯಾರೋ ಮುಸುಕಾಕ್ಕೊಂಡವ್ರೆ ಅಂತ. ಅದ್ಯಾರು ಅಂತ ತಿಳ್ಕೊಂಡು ಹೋಗಣ ಅಂತ ಬಂದೆ. ಹೇಳು ಮತ್ತೆ."

"ನಾನು ಹೇಳಲ್ಲ," ಎಂದು ಮೇಷ್ಟ್ರು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತರು. "ನೀನೇ ಹೇಳು ಹುಚ್ಚಕ್ಕ, ಯಾರಿರಬಹುದು?"